ಟೀಪಾಟಿನ ತಳ

ಗುರುವಾರ ಬೆಳಗ್ಗೆ ಹತ್ತೂಕಾಲಿಗೆ ನಾನು ಅಡುಗೆಮನೆಯ ಮೇಜಿನ ಮೇಲೆ ಸ್ನಾನದ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಅದರ ಮೇಲೆ ನನ್ನ ಹೆಂಡತಿಯ ತವರಿನ ಪಿಂಗಾಣಿ ಟೀಪಾಟನ್ನು ಇಟ್ಟೆ. ಮುಚ್ಚಳ ತೆಗೆದು ಗೋಡೆಯ ಬದಿಗೆ ಸರಿಸಿದೆ. ಕೈ ತೊಳೆದು ಒರೆಸಿಕೊಂಡೆ, ಬೆರಳಿನ ಉಂಗುರ ಬಿಚ್ಚಿಟ್ಟೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನವಳು ಶಾಲೆಯಲ್ಲಿ ಲೆಕ್ಕದ ಟೀಚರು, ನಾಲ್ಕು ಗಂಟೆಗೆ ಮೊದಲು ಬರುವವಳಲ್ಲ. ಇಷ್ಟೆಲ್ಲ ಮುಂಜಾಗ್ರತೆ ವಹಿಸಿದ ಮೇಲೂ ಏನಾಯಿತು ಎಂಬುದನ್ನು ಹೇಳಲು ಹೊರಟಿದ್ದೇನೆ.

ಮೊದಲು ನನ್ನ ಕಸುಬಿನ ವಿಷಯ ಹೇಳಿಬಿಡಬೇಕು. ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ. ಕಂಡವರ ಮನೆಗೆ ಹೋಗಿ ಅವರ ಅಜ್ಜನ ಊರುಗೋಲು, ಅಜ್ಜಿಯ ಹೊಲಿಗೆ ಯಂತ್ರ, ನಿಂತುಹೋದ ಗೋಡೆ ಗಡಿಯಾರ, ಕಿವಿ ಮುರಿದ ರೇಡಿಯೊ ಇವುಗಳ ಕಥೆ ಕೇಳಿ ಬರೆಯುವುದು ನನ್ನ ಕೆಲಸ. ಮನೆಯವರು ಹೇಳಿದ್ದನ್ನು ಕೇಳಿಕೊಳ್ಳಿ, ಆದರೆ ನಂಬಬೇಡಿ, ವಸ್ತುವನ್ನು ತಲೆಕೆಳಗು ಮಾಡಿ ತಳ ನೋಡಿ ಎಂದು ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಉಪದೇಶ ಮಾಡುವವನೂ ನಾನೇ.

ನಮ್ಮ ಟೀಪಾಟಿನ ತಳವನ್ನು ಮಾತ್ರ ನಾನು ನೋಡಿರಲಿಲ್ಲ. ನೋಡಕೂಡದು ಎಂದು ನಿಯಮವಿತ್ತು.

ಟೀಪಾಟು ಎಂದು ಒಂದೇ ಮಾತಿನಲ್ಲಿ ಹೇಳಿದರೆ ನನ್ನ ಹೆಂಡತಿಯ ಮನೆಯವರಿಗೆ ಅವಮಾನ. ಬಿಳಿಯ ಮೈ, ಎರಡೂ ಪಕ್ಕದಲ್ಲಿ ಒಂದೇ ತೆರನಾದ ನೀಲಿ ಬಳ್ಳಿ, ಕೊಕ್ಕರೆಯ ಕೊರಳಿನಂಥ ಮೂತಿ. ಬಾಯಂಚಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿದೆ. ನನ್ನವಳ ಮುತ್ತಜ್ಜ ಟೀ ಕದಡುತ್ತಿದ್ದಾಗ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತಂತೆ. ಸಂತೋಷದಲ್ಲಿ ಕೈಯ ಚಮಚ ಜಾರಿ ಅಂಚಿಗೆ ತಾಗಿತಂತೆ. ಹಾಗಾಗಿ ಆ ಕುಟುಂಬದಲ್ಲಿ ಆ ಚೂರು ಇಲ್ಲದ ಜಾಗಕ್ಕೆ, ಚೂರು ಇರುವ ಜಾಗಕ್ಕಿಂತ ಹೆಚ್ಚು ಗೌರವ. ಬೇರೆ ಮನೆಗಳಲ್ಲಿ ಪಾತ್ರೆಗೆ ಪೆಟ್ಟಾದರೆ ಮೂಲೆಗೆ ಹಾಕುತ್ತಾರೆ. ಇವರು ಪೆಟ್ಟನ್ನೇ ತಲೆಯ ಮೇಲೆ ಹೊತ್ತುಕೊಂಡು ಮೆರೆಸಿದ್ದಾರೆ.

ಇಂಥ ಮಹಾಪಾತ್ರೆಗೆ ಮೂರು ನಿಯಮ. ಅದು ಒಂದು ವರ್ಷ ನಮ್ಮ ಮನೆಯಲ್ಲಿ, ಮರುವರ್ಷ ನನ್ನವಳ ಅಕ್ಕನ ಮನೆಯಲ್ಲಿ ಇರಬೇಕು. ಜೂನ್ ತಿಂಗಳ ಮೊದಲ ಭಾನುವಾರ ಎಲ್ಲರೂ ಸೇರಿ, ನನ್ನ ಅತ್ತೆ ಅದರಿಂದ ಮೊದಲ ಕಪ್ ಟೀ ಬಗ್ಗಿಸಿದ ಮೇಲೆ ಅದು ಕೈ ಬದಲಾಯಿಸುತ್ತದೆ. ಎರಡನೆಯದು, ಅದನ್ನು ತಲೆಕೆಳಗು ಮಾಡಬಾರದು; ಮಾಡಿದರೆ ಮನೆಯೇ ಮಗುಚುತ್ತದಂತೆ. ಮೂರನೆಯದು, ಯಾರ ಕೈಯಲ್ಲಿ ಒಡೆಯುತ್ತದೋ ಅವರ ಮನೆಗೆ ಪಾಳಿ ಶಾಶ್ವತವಾಗಿ ರದ್ದು. ತವರಿನಿಂದ ನನ್ನವಳಿಗೆ ಬಂದ ಆಸ್ತಿಯೆಲ್ಲ ಎಂದರೆ ವರ್ಷ ಬಿಟ್ಟು ವರ್ಷ ಬರುವ ಈ ಪಾಳಿ ಒಂದೇ. (ಇನ್ನೊಂದು ಆಸ್ತಿ ನಾನು ಎಂದು ಒಮ್ಮೆ ಹೇಳಿ ನೋಡಿದೆ. ಅವಳು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.)

ಈ ವರ್ಷ ನಮ್ಮ ಪಾಳಿ ಮುಗಿಯುತ್ತ ಬಂದಿತ್ತು. ಕೊಡುವ ಮೊದಲು ಒಂದು ಲೇಖನ ಬರೆಯೋಣ ಎಂಬ ಸದ್ಬುದ್ಧಿ ನನಗೆ ಬಂತು. ಮೂರು ವಾರದ ಹಿಂದೆ ಅರ್ಧ ಪುಟಕ್ಕೆ, ಚಿತ್ರದ ಸಮೇತ ಅಚ್ಚಾಯಿತು. ‘ನೂರಹತ್ತು ವರ್ಷದ ಈ ಪಾತ್ರೆಗೆ ಜೋಡಿ ಎನ್ನುವುದು ಇಲ್ಲ. ಇದರ ಮೈಮೇಲಿನ ಹಳಮೆಯ ಹೊಳಪು ಪಳಗಿದ ಕಣ್ಣಿಗೆ ಮಾತ್ರ ಕಾಣುವಂಥದ್ದು’ ಎಂದು ಬರೆದಿದ್ದೆ. ಅಕ್ಕ ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಬುಧವಾರ ಕಚೇರಿಗೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಸಹಿ ಇರಲಿಲ್ಲ. ಎರಡೇ ವಾಕ್ಯ: ‘ಲೇಖನ ಓದಿದೆ. ತಳ ನೋಡಿದ್ದೀರಾ?’

ಆ ರಾತ್ರಿ ಊಟ ರುಚಿಸಲಿಲ್ಲ. ಬೆಳಗ್ಗೆ ಟವೆಲ್ಲು ಹಾಸಿದೆ.

ಟೀಪಾಟನ್ನು ಮೆಲ್ಲಗೆ ಬೋರಲು ಹಾಕಿದಾಗ ಮನೆ ಮಗುಚಲಿಲ್ಲ. ತಳದಲ್ಲಿ ಪೆನ್ಸಿಲಿನಿಂದ ಬರೆದ, ಮಾಸಿದ ಗುರುತೊಂದು ಕಾಣಿಸಿತು. ಅಂಕಿಯೋ ಅಕ್ಷರವೋ ತಿಳಿಯಲಿಲ್ಲ. ಭೂತಗನ್ನಡಿ ಹಿಡಿದರೂ ಬೆಳಕು ಸಾಲದು. ಎಡಗೈಯಲ್ಲಿ ಭೂತಗನ್ನಡಿ, ಬಲಗೈಯಲ್ಲಿ ಟೀಪಾಟು ಹಿಡಿದು ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಕಿಟಕಿಯ ಕೆಳಗೆ ಪಾತ್ರೆ ತೊಳೆಯುವ ತೊಟ್ಟಿ. ತೊಟ್ಟಿಯ ಮೇಲೆ ನಲ್ಲಿ. ಕಣ್ಣು ಪೆನ್ಸಿಲ್ ಗುರುತಿನ ಮೇಲೆಯೇ ಇದ್ದುದರಿಂದ ನಲ್ಲಿ ಕಾಣಲಿಲ್ಲ. ‘ಟಣ್’ ಎಂದು ಒಂದು ಸದ್ದಾಯಿತು, ಆಮೇಲೆ ಬಹಳ ಸದ್ದಾಯಿತು.

ಟವೆಲ್ಲು ಮಾತ್ರ ಮೇಜಿನ ಮೇಲೆ ಸುರಕ್ಷಿತವಾಗಿತ್ತು.

ಮುಚ್ಚಳ ಉಳಿದಿತ್ತು. ಉಳಿದದ್ದೆಲ್ಲ ಸುಮಾರು ಮೂವತ್ತು ಚೂರು. ತಳದ ಭಾಗ ಒಂದೇ ಬಿಲ್ಲೆಯಾಗಿ ತೊಟ್ಟಿಯಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ಅದರ ಮೇಲೆ ಬಿಸಿಲೂ ಬಿದ್ದಿತ್ತು. ಪೆನ್ಸಿಲಿನ ಗುರುತು ಈಗ ಸ್ಪಷ್ಟವಾಗಿ ಕಂಡಿತು. ಸಣ್ಣ ವೃತ್ತದೊಳಗೆ ನಾಲ್ಕು ಎಂಬ ಅಂಕಿ.

ಬೇರೆ ಯಾರೇ ಆಗಿದ್ದರೂ ಅಳುತ್ತಿದ್ದರು. ನನಗೆ ಮೊದಲು ಬಂದದ್ದು ಕುತೂಹಲ. ಏನಿದು ನಾಲ್ಕು? ಭಯ ಬಂದದ್ದು ಅದರ ಹಿಂದೆಯೇ, ಐದು ಸೆಕೆಂಡು ತಡವಾಗಿ. ಭಾನುವಾರಕ್ಕೆ ಮೂರು ದಿನ. ತಳದ ಬಿಲ್ಲೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಉಳಿದ ಚೂರುಗಳನ್ನು ಗುಡಿಸಿ, ಆಗಷ್ಟೇ ಬಂದ ಕಸದ ಗಾಡಿಗೆ ನನ್ನ ಕೈಯಾರೆ ಸುರಿದು ಬಂದೆ. ಸಾಕ್ಷ್ಯನಾಶದಲ್ಲಿ ನಾನು ತೋರಿದ ಚುರುಕನ್ನು ಆಮೇಲೆ ಬಹಳ ನೆನೆಸಿಕೊಳ್ಳಬೇಕಾಯಿತು.

ಹಳೆ ಸಾಮಾನಿನ ಅಂಗಡಿಗಳೆಲ್ಲ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿವೆ. ಮೊದಲ ಎರಡು ಅಂಗಡಿಯವರು ಬಿಲ್ಲೆ ನೋಡಿ ತಲೆ ಆಡಿಸಿದರು. ಮೂರನೆಯವನು ಕೊನೆಯ ಅಂಗಡಿಯ ಕಡೆ ಬೆರಳು ತೋರಿಸಿದ. ಅಲ್ಲಿ ಕುರ್ಚಿಗಳ ರಾಶಿಯ ನಡುವೆ ದಪ್ಪ ಕನ್ನಡಕದ ಹಿರಿಯರೊಬ್ಬರು ಗಡಿಯಾರದ ಮುಳ್ಳು ಒರೆಸುತ್ತ ಕೂತಿದ್ದರು. ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು.

“ಓ, ನಾಲ್ಕು!” ಎಂದರು, ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ಕಂಡಂತೆ. “ಹನ್ನೊಂದು ವರ್ಷ ಬಂತು. ಪರವಾಗಿಲ್ಲ, ಚೆನ್ನಾಗೇ ಬಾಳಿದೆ. ಮೂರನೇದು ಎರಡೇ ವರ್ಷಕ್ಕೆ ಹೋಗಿತ್ತು.”

“ಹಾಗಂದ್ರೆ?”

“ಹಾಗಂದ್ರೆ ಇನ್ನೇನು, ನಿಮ್ಮ ಮನೆಗೆ ನಾನು ಕೊಟ್ಟ ನಾಲ್ಕನೇದು ಇದು. ಲೇಖನ ಬರೆದೋರು ನೀವೇ ಅಲ್ವಾ? ಕಾರ್ಡು ಹಾಕಿದ್ದು ನಾನೇ. ಇಪ್ಪತ್ತಾರು ವರ್ಷದ ಅನುಭವ ಅಂತ ಕೆಳಗೆ ಹಾಕಿತ್ತು, ತಳ ನೋಡಿರ್ತೀರಿ ಅಂದ್ಕೊಂಡೆ.”

ಅವರು ಬೆರಳು ತೋರಿಸಿದ ಕಡೆ ನೋಡಿದೆ. ಗೋಡೆಗೆ ನನ್ನ ಲೇಖನ ಅಂಟಿಸಿತ್ತು. ಅದರ ಪಕ್ಕದ ಕಪಾಟಿನಲ್ಲಿ, ಜಗತ್ತಿನಲ್ಲಿ ಜೋಡಿಯೇ ಇಲ್ಲದ ಟೀಪಾಟುಗಳು ಎರಡು, ಒಂದರ ಪಕ್ಕ ಒಂದು ಕೂತಿದ್ದವು.

“ಒಂದು ಕಾಲದಲ್ಲಿ ಮನೆಮನೇಲೂ ಇದ್ದ ಮಾಲು ಸಾರ್ ಇದು,” ಎಂದರು. “ಯಾವುದೋ ಹೋಟ್ಲು ಮುಚ್ಚಿದಾಗ ನಮ್ಮಪ್ಪ ಒಂದು ರಾಶಿ ತಂದಿದ್ರು. ನಿಮ್ಮ ಮನೆಯೋರಿಗೇ ಇರಲಿ ಅಂತ ಇಟ್ಟಿದೀನಿ. ಬೇರೆ ಯಾರೂ ಕೇಳಲ್ಲ.”

“ನಮ್ಮ ಮನೆಯೋರು ಅಂದ್ರೆ ಯಾರು? ಯಾರ್ಯಾರು ಬಂದಿದ್ರು?”

ಅವರು ಗಡಿಯಾರದ ಮುಳ್ಳನ್ನು ಕೆಳಗಿಟ್ಟರು. “ನೀವು ಪೇಪರ್ನೋರು. ಸುದ್ದಿ ಕೊಟ್ಟೋರ ಹೆಸರು ಹೇಳ್ತೀರಾ?”

“ಇಲ್ಲ.”

“ನಾನೂ ಹೇಳಲ್ಲ.”

ನನ್ನ ಕಸುಬಿನಲ್ಲಿ ಎಷ್ಟೋ ಬಾಯಿ ಬಿಡಿಸಿದ್ದೇನೆ. ಈ ಬಾಯಿ ಬಿಡಲಿಲ್ಲ. ಟೀ ತರಿಸಿ ಕುಡಿಸಿದೆ, ಕುಡಿದರು. ಅಂಗಡಿಯ ಬಗ್ಗೆ ಒಂದು ಲೇಖನ ಬರೆಯುತ್ತೇನೆ ಎಂದೆ. “ಬೇಡ ಸಾರ್, ನಿಮ್ಮದು ಒಂದು ಓದಿದೀನಿ,” ಎಂದರು.

ಆಮೇಲೆ ಅವರೇ ಮುಖ್ಯ ವಿಷಯಕ್ಕೆ ಬಂದರು. “ಅಂಚಲ್ಲಿ ಚೂರು ಹಾರಿಸಬೇಕಲ್ಲ? ಯಾವ ಕಡೆ?”

“ಹಿಂದೆಲ್ಲ ನೀವೇ ಮಾಡಿದ್ದಲ್ವಾ?”

“ಅವರೆಲ್ಲ ಒಡೆದ ಚೂರು ಪೂರ್ತಿ ಗಂಟು ಕಟ್ಕೊಂಡು ಬಂದಿದ್ರು. ನೋಡ್ಕೊಂಡು ಮಾಡಿದೆ. ನೀವು ಬರೀ ತಳ ತಂದಿದೀರಿ. ಎಡಗಡೇನಾ, ಬಲಗಡೇನಾ? ನೆನಪು ಮಾಡ್ಕೊಂಡು ಹೇಳಿ.”

ಹದಿನೆಂಟು ವರ್ಷ ಆ ಟೀಪಾಟನ್ನು ನೋಡಿದ್ದೇನೆ. ಚೂರು ಯಾವ ಕಡೆ ಇತ್ತೆಂಬುದು ನನಗೆ ಹೊಳೆಯಲಿಲ್ಲ. ಆದರೆ ಗೋಡೆಯ ಮೇಲೆ ಲೇಖನವಿತ್ತಲ್ಲ! ಅದರಲ್ಲಿ ದೊಡ್ಡದಾಗಿ ಚಿತ್ರವಿತ್ತು. ಟೀಪಾಟಿನ ಮೂತಿ ಬಲಕ್ಕೆ, ಚೂರು ಹೋದ ಅಂಚು ನಮ್ಮ ಎದುರಿಗೆ.

“ಅಚ್ಚಾಗಿರೋದು ಕಣ್ಣೆದುರಿಗೇ ಇದೆ. ಅದನ್ನ ನೋಡ್ಕೊಂಡು ಮಾಡಿ,” ಎಂದೆ.

“ಮನೇಲಿ ಒಂದ್ಸಲ ಕೇಳ್ತೀರಾ?”

“ಪೇಪರಲ್ಲಿ ಬಂದ ಮೇಲೆ ಮನೇಲಿ ಕೇಳೋದೇನು?”

ಅವರು ಸಣ್ಣ ಅರ ತೆಗೆದುಕೊಂಡು, ಎರಡು ಸಲ ಉಜ್ಜಿ, ಒಂದು ಸಲ ತಟ್ಟಿದರು. ಅಕ್ಕಿಕಾಳಿನಷ್ಟು ಚೂರು ಹಾರಿತು. ಮುತ್ತಜ್ಜನ ಸಂತೋಷವನ್ನು ಇಷ್ಟು ಕರಾರುವಾಕ್ಕಾಗಿ ಮರುಮುದ್ರಣ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ ಬಟ್ಟೆಯಿಂದ ಆ ಗಾಯವನ್ನು ಒತ್ತಿದರು. ಎರಡು ನಿಮಿಷದಲ್ಲಿ ಹಳಮೆಯ ಹೊಳಪು ಬಂತು.

ನನ್ನವಳು ಬರುವ ಹೊತ್ತಿಗೆ ಟೀಪಾಟು ತನ್ನ ಕಪಾಟಿನಲ್ಲಿ, ಹಳೆಯ ಮುಚ್ಚಳ ಹೊತ್ತು ಕೂತಿತ್ತು. ಅವಳು ಚೀಲ ಇಳಿಸಿ ಕಪಾಟಿನ ಕಡೆ ನೋಡಿದಳು.

“ಒರೆಸಿದ್ರಾ?”

“ಹೂಂ. ಭಾನುವಾರ ಕೊಡಬೇಕಲ್ಲ.”

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಕುಡಿದ ಲೋಟ ಎತ್ತಿಟ್ಟೋರಲ್ಲ. ಇದನ್ಯಾಕೆ ಮುಟ್ಟಿದ್ರಿ? ಬಿದ್ದಿದ್ರೆ?”

“ಇದು ಹಿಂದೆ ಯಾವಾಗಾದ್ರೂ ಬಿದ್ದಿತ್ತಾ?” ಎಂದೆ, ಸಹಜವಾಗಿ ಎಂಬಂತೆ.

“ಬಿದ್ರೆ ಇರ್ತಿತ್ತೇನ್ರೀ? ಏನ್ ಪ್ರಶ್ನೆ ಅಂತ ಕೇಳ್ತೀರಿ! ಅದಿರಲಿ, ಸ್ನಾನದ ಟವೆಲ್ಲು ಅಡುಗೆಮನೇಲಿ ಏನ್ ಮಾಡ್ತಿದೆ? ಉಂಗುರ ಯಾಕೆ ಇಲ್ಲಿದೆ? ನೆಲ ಯಾಕೆ ಒದ್ದೆ?” ಎಂದು ಹತ್ತು ನಿಮಿಷ ನಡೆಯಿತು. ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನನಗೆ ಅನುಭವವಿದೆ. ಇಷ್ಟು ನಿರಾಳವಾಗಿ ಬಯ್ಯುವವಳು ಏನನ್ನೂ ಮುಚ್ಚಿಡುತ್ತಿರಲಾರಳು. ಶಂಕಿತರ ಪಟ್ಟಿಯಿಂದ ಅವಳ ಹೆಸರನ್ನು ಹೊಡೆದುಹಾಕಿದೆ.

ಆಮೇಲಿನ ಎರಡು ದಿನ ನನಗೆ ಬೇರೆ ಯೋಚನೆ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು. ಯಾರು ಆ ಮಹನೀಯರು? ಅತ್ತೆಯನ್ನು ಸಂಶಯಿಸುವ ಧೈರ್ಯ ನನಗಿಲ್ಲ. ಅಕ್ಕ, ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುವ ಹೆಂಗಸು. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ರೈಲಿನ ಟಿಕೆಟ್ ಪರೀಕ್ಷಕ; ಇಡೀ ಮನುಷ್ಯಕುಲವನ್ನೇ ಟಿಕೆಟ್ ಇಲ್ಲದವರಂತೆ ನೋಡುವವನು. ಎಲ್ಲರೂ ನಿರಪರಾಧಿಗಳೇ. ಹಾಗಾದರೆ ನಾಲ್ಕು ಟೀಪಾಟುಗಳು ತಾವಾಗಿಯೇ ಒಡೆದುಕೊಂಡು ಅಂಗಡಿಗೆ ನಡೆದುಹೋದವೆ?

ಭಾನುವಾರ ಅಕ್ಕನ ಮನೆಗೆ ಹೋದೆವು. ಅತ್ತೆ ಇರುವುದೂ ಅಲ್ಲೇ. ಟೀಪಾಟನ್ನು ನನ್ನವಳು ಮಡಿಲಲ್ಲೇ ಇಟ್ಟುಕೊಂಡು ಬಂದಳು. (“ನಿಮ್ಮ ಕೈಗೆ ಮಾತ್ರ ಕೊಡಲ್ಲ.”) ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, “ನೋಡೇ ಪುಟ್ಟಿ, ಎಷ್ಟು ಹೊಳಪು! ನಿಮ್ಮ ಯಜಮಾನ್ರು ಬರೆದಿದ್ದು ಸುಳ್ಳಲ್ಲ,” ಎಂದಳು. ನಾನು ವಿನಯದಿಂದ ನೆಲ ನೋಡಿದೆ.

ಬಿಸಿ ಟೀ ತುಂಬಿದ್ದಾಯಿತು. ಎಲ್ಲರೂ ಮೇಜಿನ ಸುತ್ತ ಕೂತರು. ಅತ್ತೆ ಸೆರಗು ಸರಿಪಡಿಸಿಕೊಂಡು ಬಲಗೈಯಲ್ಲಿ ಹಿಡಿ ಹಿಡಿದರು. ಎಡಗೈಯ ಬೆರಳುಗಳಿಂದ ಮುಚ್ಚಳವನ್ನು ಒತ್ತಿ, ಹೆಬ್ಬೆರಳನ್ನು ಅಂಚಿಗೆ ಊರಿದರು. ಐವತ್ತು ವರ್ಷದಿಂದ ಅವರು ಟೀ ಬಗ್ಗಿಸುವುದು ಹೀಗೆಯೇ. ಹೆಬ್ಬೆರಳು ಆ ಚೂರು ಹೋದ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ.

ಇವತ್ತು ಕೂರಲಿಲ್ಲ.

ಹೆಬ್ಬೆರಳು ಅಲ್ಲಿ ತಡಕಿತು. ಇನ್ನೊಂದು ಅಂಗುಲ ಮುಂದೆ ಹೋಗಿ ತಡಕಿತು. ಹಿಂದೆ ಬಂತು. ಅತ್ತೆ ಟೀಪಾಟನ್ನು ಕೆಳಗಿಟ್ಟು ಅದನ್ನೇ ದಿಟ್ಟಿಸಿದರು. ನಾನು ಗೋಡೆಗೆ ತೂಗುಹಾಕಿದ್ದ ನನ್ನ ಲೇಖನದ ಕಡೆ ನೋಡಿದೆ.

“ಇದು...” ಎಂದರು ಅತ್ತೆ.

“ಅಮ್ಮಾ, ಹೇಳಿಬಿಡ್ತೀನಿ!” ಎಂದು ಎದ್ದು ನಿಂತವಳು ನನ್ನ ಹೆಂಡತಿ. “ಹನ್ನೊಂದು ವರ್ಷದ ಹಿಂದೆ ನನ್ನ ಕೈಯಿಂದ ಒಡೆದುಹೋಯ್ತು. ಅಂಥದ್ದೇ ಒಂದು ತಂದಿಟ್ಟೆ. ಪಾಳಿ ಹೋಗುತ್ತೆ ಅಂತ ಹೆದರಿ ಹೇಳಲಿಲ್ಲ. ಇಷ್ಟು ವರ್ಷ ನೀವು ಬೆರಳಿಟ್ಟಾಗೆಲ್ಲ ನನಗೆ ಜೀವ ಬಾಯಿಗೆ ಬರ್ತಿತ್ತು.”

ನಾನು ಬಾಯಿ ತೆರೆದವನು ಮುಚ್ಚಲು ಮರೆತೆ. ಪಟ್ಟಿಯಿಂದ ಹೊಡೆದುಹಾಕಿದ ಹೆಸರು!

ಅಕ್ಕ ತಂಗಿಯನ್ನು ಬಯ್ಯುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಗೆ ಒರಗಿ, “ಅಯ್ಯೋ ಪುಟ್ಟಿ, ನೀನು ಒಡೆದಿದ್ದು ಮುತ್ತಜ್ಜನದಲ್ಲ ಕಣೇ. ಅದಕ್ಕೆ ಎರಡು ವರ್ಷ ಮೊದಲು ನಾನು ಒಡೆದು, ನಾನು ತಂದಿಟ್ಟಿದ್ದು,” ಎಂದಳು.

ಷಡ್ಡಕ ಕೆಮ್ಮಿದ. “ನೀನು ಒಡೆದಿದ್ದೂ ಅದಲ್ಲ. ಮದುವೆಯಾದ ಹೊಸದರಲ್ಲಿ, ನೀವೆಲ್ಲ ಪೇಟೆಗೆ ಹೋಗಿದ್ದಾಗ, ನಾನು ಟೀ ಮಾಡ್ಕೊಳ್ಳೋಕೆ ಹೋಗಿ...”

“ನೀವಾ? ಆವತ್ತು ಕೈಗೆ ಬಾಗಿಲು ತಾಗ್ತು ಅಂತ ಪಟ್ಟಿ ಕಟ್ಕೊಂಡಿದ್ರಲ್ಲ!”

“ಬಾಗಿಲಲ್ಲ ಕಣೇ ಅದು.”

ಎಲ್ಲರೂ ಅತ್ತೆಯ ಕಡೆ ತಿರುಗಿದರು, ಶಿಕ್ಷೆ ಕೇಳಲು ನಿಂತವರಂತೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

“ನೀವು ಒಡೆದಿದ್ದೂ ಅದಲ್ಲ, ಅಳಿಯಂದ್ರೇ,” ಎಂದರು ಷಡ್ಡಕನಿಗೆ, ಬಹಳ ಸಣ್ಣ ದನಿಯಲ್ಲಿ. “ಮುತ್ತಜ್ಜನದು ನಾನು ಮದುವೆಯಾಗಿ ಬಂದ ಮೂರನೇ ತಿಂಗಳಲ್ಲೇ ಹೋಯ್ತು. ಕೈ ಜಾರ್ತು. ನಮ್ಮತ್ತೆ ಊರಲ್ಲಿರಲಿಲ್ಲ, ಬದುಕಿಕೊಂಡೆ.”

“ಮತ್ತೆ ಒಡೆದೋರಿಗೆ ಪಾಳಿ ಇಲ್ಲ ಅನ್ನೋ ನಿಯಮ?” ಎಂದಳು ನನ್ನವಳು.

“ಅದು ನಾನೇ ಮಾಡಿದ್ದು. ಒಡೆದ ಮೇಲೇ ಕಣೇ ಬುದ್ಧಿ ಬಂದಿದ್ದು. ತಲೆಕೆಳಗು ಮಾಡಬಾರದು ಅಂದಿದ್ದೂ ನಾನೇ. ಅಂಗಡಿಯೋನು ತಳದಲ್ಲಿ ಏನೋ ಗೀಚಿದ್ದ.”

ಮೊದಲು ಅಕ್ಕ ನಕ್ಕಳು. ತಂಗಿ ನಕ್ಕಳು. ಷಡ್ಡಕ ಮೇಜು ಬಡಿದು ನಕ್ಕ. ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಐವತ್ತು ವರ್ಷದ ಭಾರ ಒಂದೇ ಸಲಕ್ಕೆ ಇಳಿದ ಮನೆ ಹೇಗಿರುತ್ತದೆ ಎಂಬುದನ್ನು ನಾನು ಆವತ್ತು ನೋಡಿದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಒಂದು, ಎರಡು, ಮೂರು, ನಾಲ್ಕು. ನನ್ನ ಕುತೂಹಲ ತೀರಿತ್ತು, ಲೆಕ್ಕ ಸರಿಹೋಗಿತ್ತು, ನನ್ನ ಹೆಸರು ಎಲ್ಲೂ ಬರಲಿಲ್ಲ. ಆಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

“ತಪ್ಪೊಪ್ಪಿಕೊಂಡಿರಲ್ಲ, ದೊಡ್ಡ ಮನಸ್ಸು,” ಎಂದೆ. “ಈ ಮನೆಯಲ್ಲಿ ಅದನ್ನು ಒಡೆಯದೆ ಇರುವವನು ನಾನೊಬ್ಬನೇ ಎಂದಾಯ್ತು.”

ನನ್ನವಳ ನಗು ನಿಂತಿತು. ಲೆಕ್ಕದ ಟೀಚರು. “ಇರಿ. ನಾನು ತಂದ ಟೀಪಾಟಿನ ತಳದಲ್ಲಿ ನಾಲ್ಕು ಅಂತ ಬರೆದಿತ್ತು. ಅಂಗಡಿ ಕಪಾಟಿನ ನಂಬರ್ರು ಇರಬೇಕು ಅಂದ್ಕೊಂಡಿದ್ದೆ. ಅದು ಕಪಾಟಿನದಲ್ಲ, ಟೀಪಾಟಿನದು. ಅಮ್ಮ ಒಂದು, ಭಾವ ಎರಡು, ಅಕ್ಕ ಮೂರು, ನಾನು ನಾಲ್ಕು. ಆದ್ರೆ ನನ್ನ ನಾಲ್ಕರಲ್ಲಿ ಅಮ್ಮನ ಬೆರಳು ಹನ್ನೊಂದು ವರ್ಷ ಸರಿಯಾಗೇ ಕೂತಿತ್ತಲ್ಲ! ಇವತ್ತೇನಾಯ್ತು?”

ಷಡ್ಡಕ ಟೀಯನ್ನು ಪಾತ್ರೆಯೊಂದಕ್ಕೆ ಬಗ್ಗಿಸಿ ಟೀಪಾಟನ್ನು ಬೋರಲು ಹಾಕಿದ. ಟಿಕೆಟ್ಟಿನ ಹಿಂಬದಿ ಓದುವವನಂತೆ ಕಣ್ಣು ಕಿರಿದು ಮಾಡಿ ಓದಿದ.

“ಐದು,” ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಕಾರ್ಡಿನಿಂದ ಹಿಡಿದು ನಲ್ಲಿಯ ತನಕ ಎಲ್ಲವನ್ನೂ ಹೇಳಿದೆ. ಒಡೆದದ್ದಕ್ಕೆ ಯಾರೂ ಬಯ್ಯಲಿಲ್ಲ. ಬಯ್ಯುವ ಹಕ್ಕು ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಅವರ ಸಿಟ್ಟೇ ಬೇರೆ.

“ನಾವೆಲ್ಲ ಚೂರನ್ನ ಸರಿಯಾದ ಕಡೆ ಮಾಡಿಸಿದ್ವಿ,” ಎಂದಳು ಅಕ್ಕ. “ಹದಿನೆಂಟು ವರ್ಷ ನೋಡಿ, ಅರ್ಧ ಪುಟ ಬರೆದು, ಎಡ ಯಾವುದು ಬಲ ಯಾವುದು ಗೊತ್ತಾಗಲಿಲ್ವಾ ನಿಮ್ಮ ಯಜಮಾನ್ರಿಗೆ?”

“ಚಿತ್ರ ನೋಡಿಯೇ ಮಾಡಿಸಿದ್ದು!” ಎಂದು ಗೋಡೆಯ ಕಟ್ಟನ್ನು ತೋರಿಸಿದೆ.

ಅತ್ತೆ ಎದ್ದು ಹೋಗಿ, ಕನ್ನಡಕ ಏರಿಸಿ ನೋಡಿದರು. “ನೀವು ಚಿತ್ರ ತೆಗೆಸಿದಾಗ ನಾನೂ ಅಲ್ಲೇ ಇದ್ನಲ್ಲ. ಮೂತಿ ಎಡಗಡೆ ಇತ್ತು,” ಎಂದರು.

ಸೋಮವಾರ ಕಚೇರಿಗೆ ಹೋದವನು ನೇರವಾಗಿ ಪುಟ ಜೋಡಿಸುವವನ ಮೇಜಿಗೆ ಹೋದೆ. “ಹೌದು ಸಾರ್,” ಎಂದ, ತಲೆ ಎತ್ತದೆ. “ಟೀಪಾಟಿನ ಮೂತಿ ಪುಟದಿಂದ ಆಚೆಗೆ ತಿರುಗಿತ್ತು. ನಿಮ್ಮ ಲೇಖನದ ಕಡೆ ನೋಡೋ ಹಾಗಿರಲಿ ಅಂತ ಚಿತ್ರಾನ ಉಲ್ಟಾ ಮಾಡಿದೆ. ಚೆನ್ನಾಗಿ ಕಾಣ್ಲಿಲ್ವಾ?”

ತಿದ್ದುಪಡಿ ಹಾಕಿಸುತ್ತೇನೆ ಎಂದು ಅತ್ತೆಗೆ ಫೋನ್ ಮಾಡಿದೆ. “ಏನೂ ಬೇಡ ಅಳಿಯಂದ್ರೇ, ನೂರಹತ್ತು ವರ್ಷ ಅಂತ ಪೇಪರಲ್ಲೇ ಬಂದಾಯ್ತು, ಹಾಗೇ ಇರಲಿ,” ಎಂದರು. ಒಡೆದವರ ಪಾಳಿ ರದ್ದು ಎಂಬ ನಿಯಮವನ್ನು ಅಂದೇ ತೆಗೆದುಹಾಕಿದ್ದಾರೆ. ಆದ್ದರಿಂದ ನನ್ನವಳ ಪಾಳಿ ಉಳಿದಿದೆ.

ಟೀಪಾಟು ಈಗ ಅಕ್ಕನ ಮನೆಯಲ್ಲಿದೆ, ಮುಂದಿನ ಜೂನಿನವರೆಗೆ ಅಲ್ಲೇ ಇರುತ್ತದೆ. ಅತ್ತೆ ಹೆಬ್ಬೆರಳನ್ನು ಬೇರೆ ಕಡೆ ಊರುವುದು ಕಲಿಯುತ್ತಿದ್ದಾರೆ. ನಾವು ಅಲ್ಲಿಗೆ ಹೋದಾಗ ಎಲ್ಲರಿಗೂ ಅದರಿಂದಲೇ ಟೀ ಬಗ್ಗಿಸಿ ಕೊಡುತ್ತಾರೆ. ನನ್ನದನ್ನು ಒಳಗಿನಿಂದ ಸ್ಟೀಲ್ ಲೋಟದಲ್ಲಿ ತಂದುಕೊಡುತ್ತಾರೆ.